ಕುಂದಾಪ್ರದಲ್ಲಿ ನಡೆದಾಡಿದ ಸಂತ (ಭಾಗ 3)

ಯಡ್ತರೆಯಿಂದ ಹೈವೇ ಹಿಡಿದು ದಕ್ಷಿಣಕ್ಕೆ ಹೊರಡಿ. ಮರವಂತೆ, ತ್ರಾಸಿ, ಹೆಮ್ಮಾಡಿ ಕಳೆದರೆ ಕುಂದಾಪ್ರ. ಅಲ್ಲಿನ ರೊಜಾರಿ ಮಾತೆಯ ಇಗರ್ಜಿ ಗೊತ್ತಲ್ಲ? 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ ಸೇವೆ ಮಾಡಿದ ಗೋವೆಯ ಪಾದ್ರಿ ಜೋಸೆಫ್ ವಾಜ್ ಅವರ ನೆನಪು ಅದಕ್ಕೆ ಅಂಟಿಕೊಂಡಿದೆ.

ಪ್ರಾರ್ಥನೆ ಮಾಡ್ತಾ ಅವರು ನೆಲ ಬಿಟ್ಟು ಮೇಲೆದ್ದಿದ್ದರು ಅಂತ ಹೇಳ್ತಾರೆ. ನಂಬೋದು ನಿಮಗೆ ಬಿಟ್ಟಿದ್ದು. ನನಗಂತೂ ನೆಲದ ಮೇಲೆ ಮಾಡಿದ್ದೇ ದೊಡ್ಡದಾಗಿ ಕಾಣ್ತದೆ.

ಆಗ ಇಲ್ಲಿನ ಕ್ರೈಸ್ತರಲ್ಲೇ ಜಗಳ. ಗೋವೆಯ ಆರ್ಚ್‌ಬಿಷಪ್ ಮಾತು ಕೇಳಬೇಕಾ, ರೋಮ್ ನೇಮಿಸಿದ ಬಿಷಪ್ ತೋಮಸ್ ದ ಕಾಸ್ತ್ರೊ ಅವರದ್ದಾ? ವಾಜ್ ಬಂದದ್ದು ಗೋವೆಯ ಪರವಾಗಿ. ಆದರೂ ರಾಜಿಗೇ ಒದ್ದಾಡಿದರು.

ಅದಕ್ಕೂ ಮೊದಲು, 1677ರಲ್ಲಿ, 26ರ ಹರೆಯದಲ್ಲಿ ತಮ್ಮನ್ನೇ ಮಾತೆ ಮರಿಯಮ್ಮನವರಿಗೆ ದಾಸನಾಗಿ ಕಾಗದದಲ್ಲಿ ಬರೆದುಕೊಟ್ಟಿದ್ದರು. ಭೂಮಿ ಬರೆದುಕೊಟ್ಟ ಹಾಗೆ!

ದೇವರ ಮೇಲಿನ ಪ್ರೀತಿ ಆಳವಾಗೋದು ಹೇಗೆ ಅಂತ ಕೇಳ್ತೀರಾ? ಅವರ ಮುಂದಿನ ದಾರಿ ಕಾಣಿ. 1687ರಲ್ಲಿ ವೇಷ ಮರೆಸಿಕೊಂಡು ಸಿಲೋನಿಗೆ. ಕರಾವಳಿಯೆಲ್ಲ ಡಚ್ಚರ ಕೈಲಿ, ಕ್ಯಾಥೊಲಿಕ್ ಪಾದ್ರಿಗಳಿಗೆ ನಿಷೇಧ. ಕೊರಳಲ್ಲಿ ಜಪಸರ ಹಾಕಿ, ಭಿಕ್ಷೆ ಬೇಡ್ತಾ ತಮ್ಮವರನ್ನು ಹುಡುಕಿದರು. ತಮಿಳು, ಸಿಂಹಳ ಕಲಿತರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರ ಅಂತ ಸೆರೆಗೆ ಹಾಕಿದರು. 1697ರಲ್ಲಿ ಅದೇ ಊರಿಗೆ ಸಿಡುಬು ಬಂತು. ಉಳ್ಳವರು ಊರು ಬಿಟ್ಟರು, ವಾಜ್ ಬಿಡಲಿಲ್ಲ. ಮತ ಯಾವುದು ಅಂತ ಕೇಳದೆ ರೋಗಿಗಳ ಆರೈಕೆ ಮಾಡಿದರು, ಸತ್ತವರನ್ನು ಹೂಳಿದರು.

ಕ್ಯಾಂಡಿಯಲ್ಲೇ 1711ರಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಇಗರ್ಜಿಯ ಹಳೇ ಫೋಟೊ ಇದ್ದರೆ ಕಳಿಸಿ. ಮುಂದಿನ ಭಾಗ: ಗಂಗೊಳ್ಳಿ.

#ಯಡ್ತರೆ #ಕುಂದಾಪ್ರ #ನಮ್ಮೂರ_ಚರಿತ್ರೆ