ಬಾಣಂತಿ ನಾಯಿ ಮತ್ತು ಎಳೆಮರಿಗಳ ಆರೈಕೆ

ನಾಯಿಯ ಗರ್ಭಾವಧಿ ಸುಮಾರು 63 ದಿನ. ಹುಟ್ಟುವಾಗ ಮರಿಗಳ ಕಣ್ಣು, ಕಿವಿ ಮುಚ್ಚಿರುತ್ತವೆ; ಕಣ್ಣು ತೆರೆಯುವುದು 10ರಿಂದ 14 ದಿನಗಳ ಹೊತ್ತಿಗೆ, ಕಿವಿ ಇನ್ನೂ ತುಸು ತಡವಾಗಿ. ಮೊದಲ ವಾರ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುವ ಶಕ್ತಿಯೂ ಅವಕ್ಕಿಲ್ಲ. ತಾಯಿ ನೆಕ್ಕದಿದ್ದರೆ ಮಲಮೂತ್ರವೂ ಹೋಗದು. ಹೀಗಾಗಿ ಮೊದಲ ಮೂರು ವಾರ ಮರಿಗಳ ಆರೈಕೆಯೆಂದರೆ ಬಹುಪಾಲು ತಾಯಿಯ ಆರೈಕೆಯೇ.

ಎಳೆಮರಿಗಳ ದೊಡ್ಡ ಶತ್ರು ಚಳಿ. ಮೊದಲ ವಾರ ಮಲಗುವ ಜಾಗದಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬರಿಯ ಸಿಮೆಂಟು ನೆಲ ಅಪಾಯಕರ. ಒಣಗಿದ ಗೋಣಿಚೀಲದ ಮೇಲೆ ಹಳೆಯ ಬಟ್ಟೆ ಹಾಸಿ, ಒದ್ದೆಯಾದೊಡನೆ ಬದಲಿಸಬೇಕು. ಮರಿಗಳು ಒಂದರ ಮೇಲೊಂದು ಬಿದ್ದು ಅಳುತ್ತಿದ್ದರೆ ಚಳಿಯೆಂದೂ ಚದುರಿ ಮಲಗಿ ಏದುಸಿರು ಬಿಡುತ್ತಿದ್ದರೆ ಸೆಕೆಯೆಂದೂ ತಿಳಿಯಬಹುದು. ತಣ್ಣಗಾದ ಮರಿಗೆ ಕೂಡಲೇ ಹಾಲು ಕುಡಿಸುವುದು ತಪ್ಪು. ಅದರ ಕರುಳು ಆಗ ಕೆಲಸ ಮಾಡುವುದಿಲ್ಲ. ಮೊದಲು ನಿಧಾನವಾಗಿ ಮೈ ಬೆಚ್ಚಗಾಗಬೇಕು.

ಹುಟ್ಟಿದ 24 ಗಂಟೆಯೊಳಗೆ ಕುಡಿದ ಗಿಣ್ಣುಹಾಲಿನಿಂದಲೇ ಮರಿಗೆ ರೋಗ ತಡೆಯುವ ಬಹುಪಾಲು ಪ್ರತಿಕಾಯಗಳು ದಕ್ಕುತ್ತವೆ. ನಾಯಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಕೊಬ್ಬು, ಪ್ರೋಟೀನು ಸುಮಾರು ಎರಡು ಪಟ್ಟು, ಲ್ಯಾಕ್ಟೋಸ್ ಕಡಿಮೆ. ಕರುಣೆಯಿಂದ ಬಟ್ಟಲಲ್ಲಿ ಇಡುವ ಹಸುವಿನ ಹಾಲು ಭೇದಿಗೆ ಕಾರಣವಾಗುವುದು ಇದರಿಂದಲೇ. ತಬ್ಬಲಿ ಮರಿಗಳಿಗೆ ಔಷಧದಂಗಡಿಯಲ್ಲಿ ಸಿಗುವ ನಾಯಿಮರಿಯ ಹಾಲಿನ ಪುಡಿಯೇ ಸೂಕ್ತ. ಮರಿಯನ್ನು ಅಂಗಾತ ಹಿಡಿಯದೆ, ಹೊಟ್ಟೆ ಕೆಳಗಾಗಿಸಿಯೇ ಕುಡಿಸಬೇಕು. ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮೂರು-ನಾಲ್ಕನೆಯ ವಾರದಲ್ಲಿ ಹಾಲು ಗರಿಷ್ಠವಾಗುತ್ತದೆ. ಆಗ ತಾಯಿಗೆ ಮಾಮೂಲಿಗಿಂತ ಎರಡು-ಮೂರು ಪಟ್ಟು ಆಹಾರ ಬೇಕು, ಮರಿಗಳು ಹೆಚ್ಚಿದ್ದರೆ ಇನ್ನೂ ಜಾಸ್ತಿ. ಬರೀ ಅನ್ನ, ಮುದ್ದೆ ಸಾಲದು. ಬೇಯಿಸಿದ ಮೊಟ್ಟೆ, ಮಾಂಸ, ಮೀನು ಸೇರಬೇಕು, ನೀರು ಸದಾ ಕೈಗೆಟಕುವಲ್ಲಿರಬೇಕು.

ಹೆಚ್ಚು ಭಯಪಡಬೇಕಾದ ಕಾಯಿಲೆ ಎಕ್ಲಾಂಪ್ಸಿಯಾ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವುದು. ಹೆಚ್ಚು ಮರಿ ಹಾಕಿದ ಸಣ್ಣ ತಳಿಯ ನಾಯಿಗಳಲ್ಲಿ, ಈದ ಎರಡರಿಂದ ನಾಲ್ಕು ವಾರದೊಳಗೆ ಇದು ಸಾಮಾನ್ಯ. ಚಡಪಡಿಕೆ, ಏದುಸಿರು, ಕಾಲು ಸೆಟೆದ ನಡಿಗೆ, ನಡುಕ, ಕೊನೆಗೆ ಸೆಳವು ಬರುತ್ತದೆ. ಗಂಟೆಗಳಲ್ಲಿ ಪ್ರಾಣ ಹೋಗಬಹುದಾದ್ದರಿಂದ ಮರಿಗಳನ್ನು ಬಿಡಿಸಿ ಪಶುವೈದ್ಯರ ಬಳಿಗೆ ಓಡಬೇಕು. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬೇಗ ಚೇತರಿಸಿಕೊಳ್ಳುತ್ತದೆ. ಗಬ್ಬದಲ್ಲಿರುವಾಗಲೇ ಕ್ಯಾಲ್ಸಿಯಂ ಮಾತ್ರೆ ಕೊಡುವ ರೂಢಿ ಈ ಅಪಾಯವನ್ನು ಹೆಚ್ಚಿಸುತ್ತದೆ. ಮೊಲೆ ಬಿಸಿಯೇರಿ ಗಟ್ಟಿಯಾದರೆ ಅಥವಾ ಈದ ಮೇಲಿನ ಯೋನಿಸ್ರಾವ ದುರ್ನಾತ ಬೀರಿದರೆ ಅದು ಸೋಂಕಿನ ಲಕ್ಷಣ.

ಜಂತುಹುಳು ಗರ್ಭದಲ್ಲಿ, ಹಾಲಿನಲ್ಲಿ ತಾಯಿಯಿಂದಲೇ ಮರಿಗೆ ಬರುತ್ತದೆ. ಎರಡನೆಯ ವಾರದಿಂದ ಎರಡು ವಾರಕ್ಕೊಮ್ಮೆ ಔಷಧಿ ಹಾಕುವಾಗ ತಾಯಿಗೂ ಹಾಕಬೇಕು. ಮೂರು-ನಾಲ್ಕು ವಾರಕ್ಕೆ ಮೆತ್ತಗಿನ ಆಹಾರ, 6ರಿಂದ 8 ವಾರಕ್ಕೆ ಮೊದಲ ಲಸಿಕೆ.

ಬೀದಿಯ ಮರಿಗಳನ್ನು ಮುದ್ದಿಗಾಗಿ ತಿಂಗಳೊಳಗೇ ಎತ್ತಿಕೊಂಡು ಹೋಗುವುದು ಕ್ರೌರ್ಯವೇ ಸರಿ. ಕಚ್ಚುವ ಬಲ ಎಷ್ಟಿರಬೇಕು, ಜೊತೆಯವರೊಡನೆ ಹೇಗಿರಬೇಕು ಎಂಬುದನ್ನು ಅವು ಒಡಹುಟ್ಟಿದವುಗಳ ನಡುವೆಯೇ ಕಲಿಯುತ್ತವೆ. 2017ರ ಕೇಂದ್ರ ನಿಯಮಗಳು ಎಂಟು ವಾರ ತುಂಬದ ಮರಿಗಳ ಮಾರಾಟವನ್ನು ನಿಷೇಧಿಸಿವೆ. ಮರಿಗಳು ಹಾಲು ಬಿಟ್ಟು, ತಾಯಿಯ ಮೊಲೆ ಬತ್ತಿದ ಮೇಲೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು. ತಡಮಾಡಿದರೆ ಕೆಲವೇ ತಿಂಗಳಲ್ಲಿ ಮತ್ತೆ ಬೆದೆಗೆ ಬರುತ್ತದೆ.