‘ದಾಸ್ ಬೋಟ್’: ಬೇಟೆಗಾರರೇ ಬೇಟೆಯಾದ ಚರಿತ್ರೆ

ನೌಕಾಯುದ್ಧದ ಚರಿತ್ರೆಯನ್ನು ಬರೆಯುವವರು ಮುಳುಗಿದ ಹಡಗುಗಳನ್ನು ಎಣಿಸುವರು. ಮುಳುಗಿಸಿದವರು ಎಂತಹ ಸ್ಥಿತಿಯಲ್ಲಿ ಬಾಳಿದರೆಂಬುದನ್ನು ವಿಚಾರಿಸುವುದು ವಿರಳ. ಈ ಕೊರತೆಯನ್ನು ತುಂಬಿದ ಕೃತಿಗಳಲ್ಲಿ 1981ರಲ್ಲಿ ತೆರೆಕಂಡ ‘ದಾಸ್ ಬೋಟ್’ ಎಂಬ ಜರ್ಮನ್ ಚಲಚ್ಚಿತ್ರವು ಗಣ್ಯವಾದುದು.

ಲೋಥಾರ್-ಗುಂಥರ್ ಬುಕ್‌ಹೈಮ್ ಎಂಬಾತನು 1973ರಲ್ಲಿ ಪ್ರಕಟಿಸಿದ ಕಾದಂಬರಿಯೇ ಇದಕ್ಕೆ ಮೂಲ. ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಆತನು ಯುದ್ಧವಾರ್ತೆಯ ಲೇಖಕನಾಗಿ ಯು-96 ಎಂಬ ಜಲಾಂತರ್ಗಾಮಿ ನೌಕೆಯಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಸಂಚರಿಸಿದ್ದನು. ಆದುದರಿಂದ ಕಥೆ ಕಲ್ಪಿತವಾದರೂ ಅದರ ಹಿಂದೆ ಕಂಡುಂಡ ಅನುಭವವುಂಟು. ನಿರ್ದೇಶಕನಾದ ವೋಲ್ಫ್‌ಗಾಂಗ್ ಪೀಟರ್ಸನ್ನನು ನೌಕೆಯ ಒಳಭಾಗವನ್ನು ಮೂಲದ ಅಳತೆಗೆ ಸರಿಯಾಗಿ ಕಟ್ಟಿಸಿ, ಆ ಇಕ್ಕಟ್ಟಿನಲ್ಲಿಯೇ ಚಿತ್ರವನ್ನು ತೆಗೆಯಿಸಿದನು.

ಅಂತಹ ನೌಕೆಯ ಉದ್ದವು ಸುಮಾರು 67 ಮೀಟರು. ಅದರೊಳಗೆ ಯಂತ್ರಗಳು, ಟಾರ್ಪೆಡೋಗಳು, ವಾರಗಟ್ಟಲೆಯ ಆಹಾರ, ಇವುಗಳ ನಡುವೆ ನಾಲ್ವತ್ತಕ್ಕೂ ಮಿಕ್ಕ ಜನ. ಒಬ್ಬನು ಕಾವಲಿಗೆ ಎದ್ದೊಡನೆ ಅವನ ಹಾಸಿಗೆಯಲ್ಲಿ ಮತ್ತೊಬ್ಬನು ಮಲಗುವನು. ನೀರೊಳಗೆ ನೌಕೆಯು ವಿದ್ಯುತ್ಕೋಶಗಳ ಬಲದಿಂದ ಮೆಲ್ಲಮೆಲ್ಲನೆ ಸಾಗಬೇಕು. ಕೋಶಗಳು ಬರಿದಾದರೆ ಮೇಲಕ್ಕೆ ಬಾರದೆ ಗತಿಯಿಲ್ಲ. ಮೇಲೆ ಶತ್ರುನೌಕೆಯು ಶಬ್ದತರಂಗಗಳಿಂದ ಹುಡುಕುತ್ತ, ನಿಶ್ಚಿತ ಆಳದಲ್ಲಿ ಸಿಡಿಯುವ ಮದ್ದಿನ ಪೀಪಾಯಿಗಳನ್ನು ಕೆಡಹುತ್ತಿರುವಾಗ, ಕೆಳಗಿನವರು ಉಸಿರು ಬಿಗಿಹಿಡಿದು ಆಲಿಸುವರು. ಶೌರ್ಯಕ್ಕಿಂತ ಕಾಯುವಿಕೆಯೇ ಅಲ್ಲಿ ಹೆಚ್ಚು.

ಚಿತ್ರದ ಹೃದಯವು ಬೇರೊಂದು ದೃಶ್ಯದಲ್ಲಿದೆ. ತೈಲದ ಹಡಗೊಂದು ಉರಿಯುತ್ತಿರುವುದು. ಅದರಲ್ಲಿ ಯಾರೂ ಉಳಿದಿಲ್ಲವೆಂದು ಭಾವಿಸಿದ್ದ ನಾಯಕನ ಕಣ್ಣೆದುರಿಗೆ ಜೀವಂತ ಜನರು ನೀರಿಗೆ ಧುಮುಕಿ, ನೌಕೆಯತ್ತ ಈಜುವರು. ಆತನು ನೌಕೆಯನ್ನು ಹಿಂದಕ್ಕೆ ಸರಿಸಲು ಆಜ್ಞಾಪಿಸುವನು. ನೋಡುವವನ ಮರುಕವು ಅದುವರೆಗೆ ಜರ್ಮನರ ಕಡೆಗಿದ್ದುದು, ಇಲ್ಲಿ ಇಬ್ಭಾಗವಾಗುವುದು.

ಜರ್ಮನ್ ಜಲಾಂತರ್ಗಾಮಿಗಳಲ್ಲಿ ಹೊರಟ 40,000 ಜನರಲ್ಲಿ 30,000 ಜನ ಮರಳಲಿಲ್ಲವೆಂದು ಚಿತ್ರದ ಆರಂಭದಲ್ಲಿಯೇ ತಿಳಿಸಲಾಗಿದೆ. ಆ ಯುದ್ಧದಲ್ಲಿ ಮಡಿದ ಬ್ರಿಟಿಷ್ ವಣಿಕ್ ನೌಕೆಗಳ ನಾವಿಕರೂ 30,000ಕ್ಕೆ ಕಡಮೆಯಿಲ್ಲ. ಆ ಹಡಗುಗಳಲ್ಲಿ ದುಡಿದು ಪ್ರಾಣತೆತ್ತವರಲ್ಲಿ ಭಾರತದ ಲಸ್ಕರರೂ ಅನೇಕರು. ಈ ಎರಡು ಲೆಕ್ಕಗಳನ್ನೂ ಒಟ್ಟಿಗೆ ನೆನೆಯದೆ ಈ ಚಿತ್ರವನ್ನು ನೋಡುವುದು ಅರ್ಧ ನೋಡಿದಂತೆ.

ಚಿತ್ರದಲ್ಲಿ ನೌಕೆಯು ಎಲ್ಲ ಗಂಡಾಂತರಗಳನ್ನೂ ದಾಟಿ ಬಂದರನ್ನು ಸೇರಿದ ಬಳಿಕ ವಿಮಾನದಾಳಿಗೆ ತುತ್ತಾಗುವುದು. ಅದನ್ನು ನೋಡುತ್ತಲೇ ನಾಯಕನು ಸಾಯುವನು. ನಿಜವಾದ ಯು-96 ಸಹ 1945ರಲ್ಲಿ ವಿಲ್‌ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿಯೇ ಬಾಂಬುಗಳಿಂದ ಮುಳುಗಿತು. ಬುಕ್‌ಹೈಮ್‌ನೊಡನೆ ಯಾನಮಾಡಿದ ಅದರ ನಾಯಕ ಲೇಮನ್-ವಿಲೆನ್‌ಬ್ರೊಕ್‌ನಾದರೋ ಯುದ್ಧದಿಂದ ಬದುಕಿ ಉಳಿದು, ನಾಲ್ವತ್ತು ವರ್ಷಗಳ ತರುವಾಯ ಇದೇ ಚಿತ್ರಕ್ಕೆ ಸಲಹೆಗಾರನಾದನು.