ಖಾತೆ ಪುಸ್ತಕದಿಂದ ಇ-ಖಾತಾವರೆಗೆ: ಹಳ್ಳಿ ಮೊದಲು, ಬಸವನಗುಡಿ ಆಮೇಲೆ

ಇ-ಖಾತಾ ಅಂದರೆ ಬೆಂಗಳೂರಿನವರ ತಲೆನೋವು, ನಮಗೇಕೆ ಎಂದು ಊರಲ್ಲಿ ಹಲವರು ಕೇಳುತ್ತಾರೆ. ಹಳೆಯದನ್ನು ಕೆದಕಿದರೆ, ಈ ದಾರಿಯಲ್ಲಿ ಮೊದಲು ನಡೆದವರು ಹಳ್ಳಿಯವರೇ.

ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಎದ್ದವು. ಅಲ್ಲಿನ ಮನೆ ಯಾರದು ಎನ್ನಲು ಕ್ರಯಪತ್ರ, ಕಂದಾಯ ಯಾರು ಕಟ್ಟಬೇಕು ಎನ್ನಲು ಖಾತೆ. ಎರಡೂ ಕಾಗದದ್ದೇ. 'ಬರಹದಲ್ಲಿರಬೇಕು, ಸಹಿ ಇರಬೇಕು' ಎಂದು ಕಾನೂನು ಹೇಳಿದರೆ ಕಾಗದ, ಶಾಯಿ ಎಂದೇ ಅರ್ಥ.

ಅದನ್ನು ಬದಲಿಸಿದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಮುಂದೆ ಬೇಕಾದಾಗ ತೆಗೆದು ನೋಡುವಂತಿದ್ದರೆ ಕಂಪ್ಯೂಟರ್ ದಾಖಲೆಯೂ ಬರಹವೇ ಎಂದು ಅದರ 4ನೇ ಸೆಕ್ಷನ್ ಒಪ್ಪಿತು. 5ನೇ ಸೆಕ್ಷನ್ ವಿದ್ಯುನ್ಮಾನ ಸಹಿಗೆ ಮಾನ್ಯತೆ ಕೊಟ್ಟಿತು. ಉಯಿಲಿಗೆ ಈ ವಿನಾಯಿತಿ ಇಲ್ಲ. ಅದಕ್ಕೆ ಇವತ್ತಿಗೂ ಕಾಗದ, ಇಬ್ಬರು ಸಾಕ್ಷಿಗಳು ಬೇಕು.

ಅದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ 'ಭೂಮಿ' ಯೋಜನೆ ಬಂತು. 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದ್ದವು. ಗ್ರಾಮಲೆಕ್ಕಿಗರ ಹಿಂದೆ ಅಲೆಯುವ ಬದಲು ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಕ್ಕಿತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಊರೊಳಗಿನ ಮನೆಗಳಿಗೆ ಮುಂದೆ ಇ-ಸ್ವತ್ತು ಬಂತು. ಬೆಂಗಳೂರು ನಗರದಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದದ್ದು 2024ರ ಅಕ್ಟೋಬರ್‌ನಲ್ಲಿ.

ಆದರೆ ಒಂದು ಮಾತು ನೆನಪಿರಲಿ. ಪುಸ್ತಕದಲ್ಲಿದ್ದ ತಪ್ಪನ್ನು ಕಂಪ್ಯೂಟರ್ ತಾನಾಗಿ ತಿದ್ದುವುದಿಲ್ಲ. ತೀರಿಕೊಂಡ ಅಜ್ಜನ ಹೆಸರಲ್ಲೇ ಖಾತೆ ಉಳಿದಿದ್ದರೆ ಹೊಸ ದಾಖಲೆಯಲ್ಲೂ ಅಜ್ಜನೇ ಕಾಣುತ್ತಾರೆ. ಬಸವನಗುಡಿಯ ಹಳೆ ಮನೆಯಾದರೂ ಅಷ್ಟೇ, ನಮ್ಮ ಎರಡೆಕರೆ ಹೊಲವಾದರೂ ಅಷ್ಟೇ. ಇನ್ನೊಂದು ವಿಷಯ: ಖಾತೆ ಕಂದಾಯದ ದಾಖಲೆ, ಅದೊಂದೇ ಒಡೆತನದ ಪತ್ರವಾಗುವುದಿಲ್ಲ. ಇ-ಖಾತಾ ಬಂತೆಂದು ಕ್ರಯಪತ್ರ, ವಿಭಾಗಪತ್ರಗಳನ್ನು ಕಳೆದುಕೊಳ್ಳಬೇಡಿ.

ಹಾಗಾಗಿ ಮಾರುವ, ಸಾಲ ಎತ್ತುವ ಗಡಿಬಿಡಿ ಬರುವ ಮೊದಲೇ ಫೋನಿನಲ್ಲಿ ನಿಮ್ಮ ಪಹಣಿ ತೆರೆದು ಹೆಸರು, ಸರ್ವೆ ನಂಬರ್, ವಿಸ್ತೀರ್ಣ ನೋಡಿ. ಹಿರಿಯರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ಅಣ್ಣತಮ್ಮಂದಿರ ಜೊತೆ ಅಕ್ಕತಂಗಿಯರ ಹೆಸರೂ ವಂಶವೃಕ್ಷದಲ್ಲಿ ಇದೆಯೇ ಎಂದು ಆಗಲೇ ನೋಡಿಕೊಳ್ಳಿ.